ಮೂತ್ರಪಿಂಡದ ನರಗಳೂ ಮೂರನೆಯ ಅಳತೆಯೂ

ರಕ್ತದೊತ್ತಡವೆಂದರೆ ಹೃದಯಕ್ಕೂ ರಕ್ತನಾಳಕ್ಕೂ ಸೇರಿದ ವ್ಯವಹಾರ, ಮೂತ್ರಪಿಂಡ ಏನಿದ್ದರೂ ನಡುವೆ ಸಿಕ್ಕಿಕೊಂಡು ಪೆಟ್ಟು ತಿನ್ನುವ ಬಡಪಾಯಿ ಎಂದು ಬಹುಪಾಲು ವೈದ್ಯರು ನಂಬಿಕೊಂಡಿದ್ದ ದಿನಗಳಲ್ಲಿ, ‘ಆ ಬಡಪಾಯಿಯನ್ನೂ ಒಂದು ಮಾತು ಕೇಳಿ ನೋಡಿ, ಅರ್ಧ ಜಗಳ ಶುರುವಾಗುವುದೇ ಅಲ್ಲಿಂದ’ ಎಂದು ಪಟ್ಟುಹಿಡಿದು ಹೇಳುತ್ತ ಬಂದ ಕೆಲವೇ ಮಂದಿಯಲ್ಲಿ ಒಬ್ಬರು, ಮೂವತ್ತು ವರ್ಷಗಳ ಸೇವೆಯ ಬಳಿಕ ಈ ತಿಂಗಳ ಕೊನೆಯ ದಿನ ನಮ್ಮ ಬೋಧನಾಸ್ಪತ್ರೆಯ ರಕ್ತದೊತ್ತಡ ವಿಭಾಗದಿಂದ ನಿವೃತ್ತರಾಗುತ್ತಿದ್ದಾರೆ. ಮೂತ್ರಪಿಂಡದ ನರಗಳಿಗೂ ಏರಿದ ರಕ್ತದೊತ್ತಡಕ್ಕೂ ಇರುವ ನಂಟನ್ನು ಕುರಿತು ಇಲ್ಲಿ ಯಾರೇ ಮಾತಾಡಲಿ, ಒಪ್ಪಲಿ ಬಿಡಲಿ, ಅವರ ಕೆಲಸವನ್ನು ನೆನೆಯದೆ ಮುಂದೆ ಹೋಗಲಾರರು. ಹೊಗಳಿಕೆ ಕಂಡರೆ ಮುಖ ಸಿಂಡರಿಸುವ ಅವರು ಈ ಮಾತನ್ನು ಓದಿ ‘ಅಳೆದು ನೋಡಿದೀರಾ?’ ಎಂದು ಕೇಳುವುದು ಖಂಡಿತ. ಆದರೂ ಬರೆಯದೆ ವಿಧಿಯಿಲ್ಲ.

ವಿದ್ಯಾರ್ಥಿಗಳ ಬಾಯಲ್ಲಿ ಅವರು ‘ಇನ್ನೊಂದ್ಸಲ ಮೇಡಂ’. ಯಾರು ಯಾವ ಅಂಕಿ ತಂದು ಮುಂದಿಟ್ಟರೂ ಕನ್ನಡಕವನ್ನು ಹಣೆಗೇರಿಸಿ ‘ಇನ್ನೊಂದ್ಸಲ ನೋಡು’ ಎನ್ನುವುದು ಅವರ ರೂಢಿ. ಹೊಸದಾಗಿ ಸೇರಿದ ವಿದ್ಯಾರ್ಥಿನಿಯೊಬ್ಬಳು, ಗಂಟೆ ಎಷ್ಟಾಯಿತೆಂದು ಅವರು ಕೇಳಿದಾಗ, ಗಡಿಯಾರವನ್ನು ಎರಡು ಸಲ ನೋಡಿ ಉತ್ತರ ಹೇಳಿದಳೆಂಬ ಕಥೆ ವಿಭಾಗದಲ್ಲಿ ಇಂದಿಗೂ ಚಾಲ್ತಿಯಲ್ಲಿದೆ. ತಮಗೆ ಇಂಥದೊಂದು ಅಡ್ಡಹೆಸರಿರುವುದು ಮೇಡಂಗೆ ಗೊತ್ತಿಲ್ಲವೆಂದು ಎಲ್ಲರೂ ತಿಳಿದಿದ್ದಾರೆ. ಎಲ್ಲರಿಗಿಂತ ಮೊದಲು ಗೊತ್ತಾದದ್ದೇ ಅವರಿಗೆ.

ಈ ಲೇಖನ ಬರೆಯುತ್ತಿರುವವನು ಮೊದಲು ಅವರ ಶಿಷ್ಯ, ಆಮೇಲೆ ಸಹೋದ್ಯೋಗಿ, ಈಗ ಹೆಸರಿಗೆ ಅವರ ವಿಭಾಗದ ಮುಖ್ಯಸ್ಥ. ‘ನಾನು, ನಾನು’ ಎಂದು ಬರೆಯಹೊರಟರೆ ಅಭಿನಂದನೆ ಯಾರಿಗೆಂಬುದೇ ಮರೆತುಹೋಗುವ ಅಪಾಯವಿದೆ. ಇಂಥ ಅಭಿನಂದನ ಗ್ರಂಥಗಳಲ್ಲಿ ಅದು ಹೊಸದೇನೂ ಅಲ್ಲ. ಆದ್ದರಿಂದ ಅವನಿಗೆ ಇಲ್ಲಿ ‘ಅಳೆದವನು’ ಎಂದೇ ಹೆಸರು. ವಿಭಾಗದ ರಿಜಿಸ್ಟರಿನ ಕೊನೆಯ ಅಂಕಣಕ್ಕೆ ‘ಅಳೆದವರು’ ಎಂಬ ತಲೆಬರಹವಿದೆ; ಏಳು ವರ್ಷ ಆ ಅಂಕಣದ ತುಂಬ ಅವನದೇ ಸಹಿ. ಈ ಗ್ರಂಥಕ್ಕಾಗಿ ಸಂಪಾದಕರು ಸಿದ್ಧಪಡಿಸಿದ ಮೇಡಂ ಅವರ ಜೀವನ ವಿವರದ ಕರಡಿನಲ್ಲಿ ಒಂದು ವಾಕ್ಯವಿತ್ತು: ‘ವಿಧಾನದಲ್ಲಿ ತಮ್ಮಿಂದಾದ ಲೋಪದ ಕಾರಣ ಮೊದಲ ಅಧ್ಯಯನವನ್ನು ಅವರೇ ಹಿಂತೆಗೆದುಕೊಂಡರು.’ ಹತ್ತೊಂಬತ್ತು ವರ್ಷಗಳಿಂದ ಎಲ್ಲರೂ ಹೀಗೆಯೇ ಓದಿದ್ದಾರೆ, ಹೀಗೆಯೇ ಹೇಳಿದ್ದಾರೆ. ಆ ಲೋಪ ಮೇಡಂ ಅವರದಲ್ಲ, ಅಳೆದವನದು. ಈ ಲೇಖನ ಹುಟ್ಟಿದ್ದು ಆ ಒಂದು ವಾಕ್ಯವನ್ನು ತಿದ್ದುವುದಕ್ಕೆ.

ಮೇಡಂ ಸೇವೆಗೆ ಸೇರಿದಾಗ ವಿಭಾಗಕ್ಕೆ ಕೊಟ್ಟಿದ್ದು, ವಾರ್ಡುಗಳ ಹೊದಿಕೆ ಹಾಸಿಗೆ ಬಟ್ಟೆಗಳನ್ನು ತುಂಬಿಡುತ್ತಿದ್ದ ನೆಲಮಾಳಿಗೆಯ ಕೋಣೆ. ಕಿಟಕಿ ಒಂದೇ, ಅದರಾಚೆ ಕಾಣುತ್ತಿದ್ದದ್ದು ರಸ್ತೆಯಲ್ಲಿ ಓಡಾಡುವವರ ಪಾದಗಳು ಮಾತ್ರ. ಅಲ್ಲಿಗೆ ಅವರು ಮೊದಲು ತರಿಸಿದ್ದು ಯಂತ್ರವನ್ನಲ್ಲ, ಬೆನ್ನಿಗೆ ಆಸರೆಯಿರುವ ಎರಡು ಕುರ್ಚಿ ಮತ್ತು ತೋಳನ್ನು ಎದೆಯ ಮಟ್ಟಕ್ಕೆ ಇಡಬಹುದಾದ ಎರಡು ಮೇಜು. ‘ಸ್ಟೂಲಿನ ಮೇಲೆ ಕೂರಿಸಿ ಅಳೆದರೆ ಸ್ಟೂಲಿನ ಬಿಪಿ ಸಿಗುತ್ತದೆಯೇ ಹೊರತು ಮನುಷ್ಯನದಲ್ಲ’ ಎಂದು ಖರೀದಿ ಶಾಖೆಗೆ ಮೂರು ಪತ್ರ ಬರೆದರು. ಕುರ್ಚಿ ಬಂದ ದಿನ ಗೋಡೆಗೆ ತಮ್ಮ ಕೈಬರಹದ ನಿಯಮಗಳನ್ನು ಅಂಟಿಸಿದರು: ಬಂದವರು ಐದು ನಿಮಿಷ ಸುಮ್ಮನೆ ಕೂರಬೇಕು, ಪಾದ ನೆಲಕ್ಕೆ ಊರಿರಬೇಕು, ಅಳೆಯುವಾಗ ಯಾರೂ ಮಾತಾಡಕೂಡದು, ಪ್ರತಿಯೊಬ್ಬರನ್ನೂ ಮೂರು ಸಲ ಅಳೆಯಬೇಕು, ಮೂರನೆಯ ಸಲ ಅಳೆಯುವವರು ಬೇರೆಯವರಾಗಿರಬೇಕು, ಮೊದಲ ಎರಡು ಅಂಕಿಗಳನ್ನು ಅವರು ನೋಡಿರಬಾರದು. ಕೊನೆಯ ನಿಯಮದ ಕೆಳಗೆ ಕೆಂಪು ಗೆರೆ ಎಳೆದಿದ್ದರು.

ತರಗತಿಯಲ್ಲಿ ಮೂತ್ರಪಿಂಡದ ನರಗಳ ಪಾಠವನ್ನು ಅವರು ಹೇಳುತ್ತಿದ್ದ ರೀತಿಯನ್ನು ಕೇಳಿದ ಯಾರೂ ಮರೆತಿರಲಾರರು. ಮನೆಯ ಯಜಮಾನ ಆಫೀಸಿನಿಂದ ಅಡುಗೆಮನೆಗೆ ದಿನಕ್ಕೆ ನೂರು ಸಲ ಫೋನು ಮಾಡಿ ‘ಉಪ್ಪು ಉಳಿಸು, ನೀರು ಉಳಿಸು, ಕಾಲ ಕೆಟ್ಟಿದೆ’ ಎನ್ನುತ್ತಾನೆ. ಅಡುಗೆಮನೆಯವಳೂ ಸುಮ್ಮನಿರುವವಳಲ್ಲ, ವಾಪಸು ಫೋನು ಮಾಡಿ ‘ಇಲ್ಲಿ ನನ್ನ ಪಾಡು ನಾಯಿಪಾಡು’ ಎನ್ನುತ್ತಾಳೆ. ಅದನ್ನು ಕೇಳಿ ಯಜಮಾನನ ಗಾಬರಿ ಇನ್ನೂ ಹೆಚ್ಚುತ್ತದೆ. ಯಜಮಾನ ಮೆದುಳು, ಅಡುಗೆಮನೆ ಮೂತ್ರಪಿಂಡ, ನಡುವಿನ ತಂತಿಗಳೇ ಆ ನರಗಳು. ಮೂತ್ರಪಿಂಡಕ್ಕೆ ಹೋಗುವ ರಕ್ತನಾಳದ ಹೊರಮೈಗೆ ಅವು ಬಳ್ಳಿಗಳಂತೆ ಸುತ್ತಿಕೊಂಡಿರುತ್ತವೆ. ಅವುಗಳ ಅಬ್ಬರ ಹೆಚ್ಚಾದಾಗ ದೇಹ ಉಪ್ಪನ್ನೂ ನೀರನ್ನೂ ಹಿಡಿದಿಟ್ಟುಕೊಳ್ಳುತ್ತದೆ, ರಕ್ತನಾಳಗಳು ಬಿಗಿಯುತ್ತವೆ, ಒತ್ತಡ ಏರುತ್ತದೆ. ‘ಫೋನು ತಂತಿ ಸ್ವಲ್ಪ ಕತ್ತರಿಸಿದರೆ ಸಂಸಾರ ನೆಮ್ಮದಿಯಾಗಿರುತ್ತಾ ಅನ್ನೋದೇ ನಮ್ಮ ಪ್ರಶ್ನೆ’ ಎಂದು ಪಾಠ ಮುಗಿಸುತ್ತಿದ್ದರು. ಮದುವೆಯಾದ ವಿದ್ಯಾರ್ಥಿಗಳು ಹೆಚ್ಚು ನಗುತ್ತಿದ್ದರು.

ಅಳೆದವನು ಅವರ ಕೈಕೆಳಗೆ ಸೇರಿದ್ದು ಇಪ್ಪತ್ತೊಂದು ವರ್ಷಗಳ ಹಿಂದೆ, ಸ್ನಾತಕೋತ್ತರ ಪರೀಕ್ಷೆಯಲ್ಲಿ ಒಮ್ಮೆ ನಪಾಸಾಗಿ ತಲೆ ತಗ್ಗಿಸಿಕೊಂಡು ತಿರುಗುತ್ತಿದ್ದ ಕಾಲದಲ್ಲಿ. ಮೇಡಂ ಆ ವಿಷಯವನ್ನು ಎತ್ತಲೇ ಇಲ್ಲ. ಒಂದು ದಿನ ಅವನು ತನ್ನ ಮೇಜಿನ ಖಾನೆ ತೆರೆದರೆ ಅವರು ತಮ್ಮ ಕಾಲದಲ್ಲಿ ಬರೆದಿಟ್ಟುಕೊಂಡಿದ್ದ ಟಿಪ್ಪಣಿ ಪುಸ್ತಕಗಳು ಒಂಬತ್ತು ಇದ್ದವು. ಮೊದಲನೆಯದರ ರಟ್ಟಿನ ಒಳಗೆ, ಅದೇ ಪರೀಕ್ಷೆಯಲ್ಲಿ ಅವರೂ ಒಮ್ಮೆ ನಪಾಸಾಗಿದ್ದ ಅಂಕಪಟ್ಟಿಯನ್ನು ಅಂಟಿಸಲಾಗಿತ್ತು. ಅವನ ಹೆಂಡತಿಗೆ ಹೆರಿಗೆಯಾದ ವಾರ ಅವನ ಪಾಳಿಯನ್ನೆಲ್ಲ ತಾವೇ ನಿಂತು ಮಾಡಿ, ‘ಅಳೆದವರು’ ಅಂಕಣದಲ್ಲಿ ತಾವೇ ಸಹಿ ಹಾಕಿದರು. ಪಾದರಸದ ಯಂತ್ರದಲ್ಲಿ ಗಾಳಿ ಇಳಿಸುವಾಗ ಮೊದಲ ಸದ್ದನ್ನು ಹಿಡಿಯಲು ಕಿವಿಯನ್ನು ಪಳಗಿಸುವುದು ಹೇಗೆಂದು ಅವನಿಗೆ ಕೈಹಿಡಿದು ಕಲಿಸಿದವರೂ ಅವರೇ. ಕಲಿತದ್ದನ್ನು ಅವನು ಹೇಗೆ ಬಳಸಿದನೆಂಬುದೇ ಮುಂದಿನ ಕಥೆ.

ಅವನು ಸೇರಿದ ಮರುವರ್ಷ ಹೊಸ ಚಿಕಿತ್ಸೆಯ ಪ್ರಯೋಗ ಆರಂಭವಾಯಿತು. ತೊಡೆಯ ಸಂದಿನ ರಕ್ತನಾಳದ ಮೂಲಕ ಸಪೂರ ಕೊಳವೆಯೊಂದನ್ನು ಮೂತ್ರಪಿಂಡದ ರಕ್ತನಾಳದವರೆಗೆ ತೂರಿಸಿ, ಅದರ ತುದಿಯನ್ನು ಕಾಯಿಸಿ, ಗೋಡೆಯಾಚೆಗಿನ ನರಗಳನ್ನು ಅಲ್ಲಲ್ಲಿ ಸುಡುವುದು. ಹೊಲಿಗೆಯಿಲ್ಲ, ಮುಕ್ಕಾಲು ಗಂಟೆಯ ಕೆಲಸ. ಆದರೆ ಒಂದು ತೊಡಕಿತ್ತು. ನರ ಕಣ್ಣಿಗೆ ಕಾಣುವುದಿಲ್ಲ. ಸುಟ್ಟಿತೋ ಇಲ್ಲವೋ ಎಂದು ಮಾಡಿದವರಿಗೂ ಆಗ ಗೊತ್ತಾಗುವುದಿಲ್ಲ. ಗೊತ್ತಾಗಬೇಕಾದದ್ದು ತಿಂಗಳುಗಳ ನಂತರದ ರಕ್ತದೊತ್ತಡದ ಅಂಕಿಯಿಂದ ಮಾತ್ರ. ಹಾಗಾಗಿ ಇಡೀ ಪ್ರಯೋಗ ನಿಂತಿದ್ದು ನೆಲಮಾಳಿಗೆಯ ಆ ಕುರ್ಚಿಯ ಮೇಲೆ, ಅಳೆದವನ ಕಿವಿಯ ಮೇಲೆ.

ನಾಲ್ಕೈದು ಬಗೆಯ ಮಾತ್ರೆ ನುಂಗಿದರೂ ಒತ್ತಡ ಇಳಿಯದ ಮೂವತ್ತು ಮಂದಿಯನ್ನು ಆರಿಸಿಕೊಂಡರು. ಅವರಲ್ಲೊಬ್ಬರು ಆಸ್ಪತ್ರೆಯ ಲಿಫ್ಟುಗಳನ್ನು ರಿಪೇರಿ ಮಾಡುತ್ತಿದ್ದ ಮೆಕ್ಯಾನಿಕ್. ಐವತ್ತರ ಆಸುಪಾಸಿನ ವಯಸ್ಸು, ಎಣ್ಣೆ ಮೆತ್ತಿದ ಕೈ, ಬಾಯಿ ತುಂಬ ಹಾಸ್ಯ. ‘ನಾನು ಜನರನ್ನ ಮೇಲೆ ಹತ್ತಿಸ್ತೀನಿ, ನೀವು ನನ್ನ ಬಿಪಿ ಕೆಳಗೆ ಇಳಿಸಿ, ಲೆಕ್ಕ ಸರಿಹೋಗುತ್ತೆ’ ಎಂದು ಮೊದಲ ದಿನವೇ ಮೇಡಂಗೆ ಹೇಳಿದ್ದರು. ಅವರ ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದವರು. ಚಿಕಿತ್ಸೆಯ ದಿನ ಹೊಲಿಗೆಯ ಕೆಲಸವನ್ನು ಚೀಲದಲ್ಲಿ ತಂದು, ಕಾಯುವ ಬೆಂಚಿನ ಮೇಲೆ ಕೂತು ಅಂಗಿಯೊಂದಕ್ಕೆ ಗುಂಡಿ ಹಾಕಿ ಮುಗಿಸಿದ್ದರು.

ಚಿಕಿತ್ಸೆಯಾದ ಮೇಲೆ ಬರುತ್ತಿದ್ದವರ ಮುಖವೇ ಬೇರೆ. ಐದು ನಿಮಿಷ ಸುಮ್ಮನೆ ಕೂರುವುದು ಹೋಗಲಿ, ಒಳಗೆ ಬರುವ ಮೊದಲೇ ‘ಎಷ್ಟು ಡಾಕ್ಟ್ರೇ? ಇಳಿದಿದೆಯಾ?’ ಎಂದು ಶುರು. ತೊಡೆಯ ಪಟ್ಟಿ ಬದಲಿಸಿದವನೂ ಅಳೆದವನೇ ಆದ್ದರಿಂದ ಯಾರಿಗೆ ಚಿಕಿತ್ಸೆಯಾಗಿದೆ, ಯಾರದು ಬಾಕಿಯಿದೆ ಎಂಬುದು ಅವನಿಗೆ ಬಾಯಿಪಾಠ. ನೂರ ನಲವತ್ತಾರಕ್ಕೋ ನಲವತ್ತಕ್ಕೋ ಎಂದು ಕಿವಿ ಅನುಮಾನಪಟ್ಟ ಕಡೆಯಲ್ಲೆಲ್ಲ ಕೈ ನಲವತ್ತು ಎಂದು ಬರೆಯಿತು. ಮುಖ ನೋಡಿ ಮಣೆ ಹಾಕುವುದು ಎಂಬ ಮಾತಿದೆ. ಅಳೆದವನು ಮುಖ ನೋಡಿ ಅಂಕಿ ಹಾಕಿದ. ಇಷ್ಟರಲ್ಲೇ ನಿಂತಿದ್ದರೆ ಅದನ್ನು ಕಿವಿಯ ದೌರ್ಬಲ್ಯವೆನ್ನಬಹುದಿತ್ತು. ಮೂರನೆಯ ಅಳತೆಗೆ ಬೇರೊಬ್ಬರನ್ನು ಕರೆಯಬೇಕು, ಕರೆದರೆ ಅವರು ಮಹಡಿಯಿಂದ ಇಳಿದು ಬರುವುದಕ್ಕೆ ಇಪ್ಪತ್ತು ನಿಮಿಷ, ಹೊರಗೆ ಸರದಿ. ಎರಡು ಅಂಕಿ ಸಿಕ್ಕಿವೆ, ಮೂರನೆಯದು ಇನ್ನೆಷ್ಟಿದ್ದೀತು ಎಂದುಕೊಂಡು ಒಂದು ದಿನ ಅವನು ಅಳೆಯದೆಯೇ ಬರೆದ. ಮಾರನೆಯ ವಾರವೂ ಬರೆದ. ಆಮೇಲೆ ಅದೇ ರೂಢಿಯಾಯಿತು. ಯಾರಿಗೂ ಮೋಸ ಮಾಡುತ್ತಿದ್ದೇನೆಂದು ಅವನಿಗೆ ಒಮ್ಮೆಯೂ ಅನ್ನಿಸಲಿಲ್ಲ. ಒಳ್ಳೆಯ ಸುದ್ದಿ ಹೇಳುತ್ತಿದ್ದೇನೆಂದೇ ಅನ್ನಿಸಿತು.

ಆರು ತಿಂಗಳಿಗೆ ಸರಾಸರಿ ಇಪ್ಪತ್ತೆಂಟು ಅಂಕಿ ಇಳಿದಿತ್ತು. ಲೇಖನ ಪ್ರಕಟವಾಯಿತು. ಆಗಿನ ಮುಖ್ಯಸ್ಥರು, ಗತ್ತಿನ ಹಿರಿಯರು, ನೆಲಮಾಳಿಗೆಗೆ ಮೊದಲ ಬಾರಿ ಇಳಿದು ಬಂದು ಎಲ್ಲರ ಕೈ ಕುಲುಕಿದರು. ವಿಭಾಗವನ್ನು ಮೂರನೆಯ ಮಹಡಿಗೆ ಸ್ಥಳಾಂತರಿಸುವ ಮಾತಾಯಿತು. ಅಂಕಿ ಚೆನ್ನಾಗಿದೆಯೆಂದು ಅಳೆದವನು ಲಿಫ್ಟ್ ಮೆಕ್ಯಾನಿಕ್ಕಿನ ಐದು ಮಾತ್ರೆಗಳನ್ನು ಎರಡಕ್ಕೆ ಇಳಿಸಿದ. ಆ ಮನುಷ್ಯ ಖುಷಿಯಿಂದ ಅವನ ಬೆನ್ನು ತಟ್ಟಿ ಹೋದರು. ಬಿಳಿ ಕೋಟಿನ ಮೇಲೆ ಎಣ್ಣೆಯ ಬೆರಳಚ್ಚು ಉಳಿಯಿತು.

ಎಂಟನೆಯ ತಿಂಗಳು, ಒಂದು ಮಧ್ಯಾಹ್ನ, ಲಿಫ್ಟಿನ ಯಂತ್ರಕೋಣೆಯಲ್ಲಿ ಅವರು ಸ್ಪ್ಯಾನರ್ ಹಿಡಿದುಕೊಂಡೇ ಕುಸಿದುಬಿದ್ದರು. ಲಕ್ವ. ಬಲಗೈ ಹೋಯಿತು, ಮಾತು ಹೋಯಿತು. ಮೇಡಂ ಓಡಿಬಂದು ಹಾಸಿಗೆಯ ಪಕ್ಕದಲ್ಲಿ ನಿಂತು ಅಳೆದರು: ಇನ್ನೂರ ಹನ್ನೆರಡು. ಮತ್ತೆ ಅಳೆದರು, ಇನ್ನೂರ ಎಂಟು. ಬೇರೊಬ್ಬ ವೈದ್ಯೆಯನ್ನು ಕರೆದು ಮೂರನೆಯ ಸಲ ಅಳೆಸಿದರು. ಆಮೇಲೆ ಅಳೆದವನ ಕಡೆಗೆ ತಿರುಗಿ, ‘ರಿಜಿಸ್ಟರ್ ತಗೊಂಡು ಬಾ’ ಎಂದರು.

ಮೂರು ಗಂಟೆಯ ಹೊತ್ತಿಗೆ ತರಗತಿಯ ಕೋಣೆಯಲ್ಲಿ ಅವರಿಬ್ಬರೇ ಇದ್ದರು. ಮೇಡಂ ಕರಿಹಲಗೆಯ ಮೇಲೆ ನಡುವೆ ಗೆರೆ ಎಳೆದು, ಎಡಕ್ಕೆ ಚಿಕಿತ್ಸೆಗೆ ಮುಂಚಿನ ಅಂಕಿಗಳ ಕೊನೆಯ ಸಂಖ್ಯೆಯನ್ನು ಮಾತ್ರ ಒಂದೊಂದಾಗಿ ಬರೆದರು: ಎರಡು, ಎಂಟು, ನಾಲ್ಕು, ಸೊನ್ನೆ, ಆರು, ಎಂಟು. ಬಲಕ್ಕೆ ಚಿಕಿತ್ಸೆಯ ನಂತರದವು: ಸೊನ್ನೆ, ಸೊನ್ನೆ, ಸೊನ್ನೆ, ನಾಲ್ಕು, ಸೊನ್ನೆ, ಸೊನ್ನೆ. ಹಲಗೆ ತುಂಬಿದ ಮೇಲೆ ಸೀಮೆಸುಣ್ಣ ಕೆಳಗಿಟ್ಟರು.

‘ನರ ಸುಟ್ಟರೆ ಪಾದರಸ ಸೊನ್ನೆಯಲ್ಲೇ ನಿಲ್ಲುತ್ತೆ ಅಂತ ನನಗೆ ಗೊತ್ತಿರಲಿಲ್ಲ’ ಎಂದರು. ರಿಜಿಸ್ಟರಿನ ಮೇಲೆ ಬೆರಳಿಟ್ಟು, ‘ಮೂರನೆಯದು ಯಾರು ಅಳೆದ್ರು?’ ಎಂದು ಕೇಳಿದರು.

ಅಳೆದವನು ಬಾಯಿ ಬಿಡಲಿಲ್ಲ. ಹೌದೆನ್ನಲೂ ಇಲ್ಲ, ಇಲ್ಲವೆನ್ನಲೂ ಇಲ್ಲ. ಮೇಡಂ ಅವನ ಮುಖವನ್ನೇ ನೋಡಿದರು, ರಿಜಿಸ್ಟರ್ ಮುಚ್ಚಿದರು, ‘ನಾಳೆ ಬೆಳಗ್ಗೆ ಎಂಟಕ್ಕೆ ಬಾ. ಎಲ್ಲರನ್ನೂ ಕರೆಸಬೇಕು’ ಎಂದಷ್ಟೇ ಹೇಳಿದರು.

ಉಳಿದ ಇಪ್ಪತ್ತೊಂಬತ್ತು ಮಂದಿಯನ್ನು ಬೇರೆ ವಿಭಾಗದ ಇಬ್ಬರು ಒಬ್ಬರ ಅಂಕಿ ಇನ್ನೊಬ್ಬರು ನೋಡದಂತೆ ಅಳೆದರು. ಇಪ್ಪತ್ತೆಂಟು ಎಂದಿದ್ದ ಇಳಿಕೆ ಒಂಬತ್ತಕ್ಕೆ ಬಂದು ನಿಂತಿತು. ಅಂದೇ ಮಾತ್ರೆಗಳನ್ನೆಲ್ಲ ಮರಳಿ ಬರೆದುಕೊಟ್ಟರು. ಆ ಒಂಬತ್ತರಲ್ಲಾದರೂ ನರ ಸುಟ್ಟಿದ್ದರ ಪಾಲೆಷ್ಟು, ಆಸ್ಪತ್ರೆಯವರು ಮುತುವರ್ಜಿ ವಹಿಸಿದ್ದರಿಂದ ಮಾತ್ರೆಗಳನ್ನು ನೆಟ್ಟಗೆ ನುಂಗಿದ್ದರ ಪಾಲೆಷ್ಟು ಎಂದು ಹೇಳುವ ದಾರಿಯಿರಲಿಲ್ಲ. ಲೇಖನವನ್ನು ಹಿಂತೆಗೆದುಕೊಳ್ಳುವ ಪತ್ರವನ್ನು ಮೇಡಂ ಆ ವಾರವೇ ಬರೆದರು. ಮುಖ್ಯಸ್ಥರು ಕೆಂಡವಾದರು. ಮೂರನೆಯ ಮಹಡಿ ಕೈಗೆ ಬಂದ ತುತ್ತು ಬಾಯಿಗೆ ಬಾರದಂತಾಯಿತು. ‘ಯಾರು ಮಾಡಿದ್ದು? ಹೆಸರು ಕೊಡಿ, ಇವತ್ತೇ ಮನೆಗೆ ಕಳಿಸ್ತೀನಿ’ ಎಂದರು. ‘ವಿಧಾನ ನನ್ನದು. ಲೋಪವೂ ನನ್ನದು’ ಎಂದು ಮೇಡಂ ಪತ್ರದಲ್ಲಿದ್ದ ವಾಕ್ಯವನ್ನೇ ಹೇಳಿದರು. ಅಳೆದವನು ಬಾಗಿಲ ಹೊರಗೆ ನಿಂತಿದ್ದ, ಎಲ್ಲವೂ ಕೇಳಿಸಿತು. ಒಳಗೆ ಹೋಗಬೇಕೆಂದು ಎರಡು ಹೆಜ್ಜೆ ಇಟ್ಟ, ಮೂರನೆಯದನ್ನು ಇಡಲಿಲ್ಲ. ಮನೆಯಲ್ಲಿ ಹಾಲು ಕುಡಿಯುವ ಕೂಸಿತ್ತು ಎಂದು ಆಗ ತನಗೆ ತಾನೇ ಸಮಜಾಯಿಷಿ ಹೇಳಿಕೊಂಡ. ಕೂಸು ಎಲ್ಲರ ಮನೆಯಲ್ಲೂ ಇರುತ್ತದೆ.

ಹೊರಗೆ ಬಂದ ಮೇಡಂ ಅವನನ್ನು ಕಾರಿಡಾರಿನ ತುದಿಗೆ ಕರೆದುಕೊಂಡು ಹೋದರು.

‘ನಿನ್ನ ಹೆಸರು ಕೊಟ್ಟರೆ ನಿನ್ನ ತೆಗೀತಾರೆ, ಆಮೇಲೆ ಎಲ್ಲ ಸರಿಹೋಯ್ತು ಅಂತ ಕೈ ತೊಳ್ಕೋತಾರೆ’ ಎಂದರು. ‘ವಿಧಾನ ಹಾಗೇ ಉಳಿಯುತ್ತೆ. ನಿನ್ನ ಜಾಗಕ್ಕೆ ಇನ್ನೊಬ್ಬ ಬರ್ತಾನೆ. ಅವನೂ ಒಳ್ಳೆಯವನೇ ಆಗಿರ್ತಾನೆ ಕಣಪ್ಪ, ಅದೇ ತೊಂದರೆ. ಕೆಟ್ಟವರು ಎಲ್ಲಿ ಕದೀತಾರೆ ಅಂತ ಗೊತ್ತಿರುತ್ತೆ. ಒಳ್ಳೆಯವರನ್ನ ಕಾಯೋದು ಕಷ್ಟ.’

ಅದು ಕ್ಷಮೆಯಲ್ಲ, ಮುಂದಿನ ಕೆಲಸದ ಯೋಜನೆ. ಮಾರನೆಯ ತಿಂಗಳೇ ಎರಡನೆಯ ಅಧ್ಯಯನದ ಕರಡು ಸಿದ್ಧವಾಯಿತು. ಅದಕ್ಕೆ ಅನುಮತಿ, ಹಣ, ಜನ ಒಟ್ಟುಮಾಡುವುದಕ್ಕೆ ಮೂರು ವರ್ಷ. ನಡೆಸಿ ಮುಗಿಸುವುದಕ್ಕೆ ಒಂಬತ್ತು ವರ್ಷ. ಹಿಂತೆಗೆದುಕೊಂಡ ಲೇಖನದವರು ಎಂಬ ಮಾತನ್ನು ಪ್ರತಿ ಸಮಿತಿಯ ಮುಂದೆಯೂ ಕೇಳಿಸಿಕೊಂಡು, ಪ್ರತಿ ಸಲವೂ ‘ಹೌದು, ಅದಕ್ಕೇ ಈ ಸಲ ಹೀಗೆ ಮಾಡ್ತಿದ್ದೀವಿ’ ಎಂದು ಕಡತ ಬಿಚ್ಚುತ್ತಿದ್ದರು. ಎಂಬತ್ತು ಮಂದಿ, ಅರ್ಧ ಜನರಿಗೆ ಚಿಕಿತ್ಸೆ, ಇನ್ನರ್ಧ ಜನರಿಗೆ ಅವರ ಒಪ್ಪಿಗೆಯ ಮೇರೆಗೆ ಬರೀ ಕೊಳವೆ ತೂರಿಸಿ ರಕ್ತನಾಳದ ಚಿತ್ರ ತೆಗೆಯುವುದು, ಸುಡುವುದಿಲ್ಲ. ಯಾರಿಗೆ ಯಾವುದೆಂದು ಮುಚ್ಚಿದ ಲಕೋಟೆ ಹೇಳುತ್ತದೆ. ಮಲಗಿದವರ ಕಣ್ಣಿಗೆ ಪಟ್ಟಿ, ಕಿವಿಗೆ ಸಂಗೀತ. ಅಳೆಯುವವರು ಬೇರೆಯೇ ಕಟ್ಟಡದಲ್ಲಿ. ತೊಡೆಯ ಪಟ್ಟಿಯನ್ನು ಅವರು ನೋಡುವ ಹಾಗಿಲ್ಲ. ಅಳತೆಗೆ ಮನುಷ್ಯರ ಕಿವಿಯೇ ಬೇಡವೆಂದು, ಅರ್ಧ ಗಂಟೆಗೊಮ್ಮೆ ತಾನೇ ಉಬ್ಬಿ ಇಡೀ ದಿನ ಅಂಕಿ ಬರೆದುಕೊಳ್ಳುವ ಯಂತ್ರವನ್ನು ತೋಳಿಗೆ ಕಟ್ಟಿ ಕಳಿಸಿದರು. ಮಾತ್ರೆ ನುಂಗಿದ್ದಾರೋ ಇಲ್ಲವೋ ಎಂದು ಮೂತ್ರ ಪರೀಕ್ಷೆ ಬೇರೆ. ಒಬ್ಬ ರೋಗಿಯಂತೂ ‘ನನ್ನ ಹೆಂಡತಿ ಕೂಡ ನನ್ನನ್ನ ಇಷ್ಟು ಅನುಮಾನ ಪಡಲ್ಲ ಡಾಕ್ಟ್ರೇ’ ಎಂದರು.

ಏಳು ವರ್ಷಗಳ ಹಿಂದೆ ಲಕೋಟೆಗಳನ್ನು ತೆರೆದರು. ಚಿಕಿತ್ಸೆಯಾದವರಲ್ಲಿ ಹತ್ತು ಅಂಕಿ ಇಳಿದಿತ್ತು. ಆಗದವರಲ್ಲಿಯೂ ನಾಲ್ಕು ಇಳಿದಿತ್ತು. ವ್ಯತ್ಯಾಸ ಆರು. ಸಭೆಯಲ್ಲಿದ್ದ ಯಾರೋ ‘ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯ್ತು’ ಎಂದು ಗೊಣಗಿದರು. ‘ಆಗಲಿ, ಈ ಇಲಿಗೆ ಜೀವ ಇದೆ. ಹೋದ್ಸಲ ನಾವು ಹಿಡಿದಿದ್ದು ಹುಲಿಯ ಚಿತ್ರ’ ಎಂದರು ಮೇಡಂ. ಮಾತ್ರೆಗೆ ಬಗ್ಗದ ಒತ್ತಡವಿರುವ ಊರು ತುಂಬ ಜನರಲ್ಲಿ ಆರಂಕಿ ಇಳಿದರೆ ಎಷ್ಟು ಕೈಗಳು, ಎಷ್ಟು ನಾಲಗೆಗಳು ಉಳಿಯುತ್ತವೆಂದು ಹಲಗೆಯ ಮೇಲೆ ಲೆಕ್ಕ ಮಾಡಿ ತೋರಿಸಿದರು. ಮೂತ್ರಪಿಂಡದ ನರಗಳಿಗೆ ಒತ್ತಡದಲ್ಲಿ ಪಾತ್ರವಿದೆ, ಆದರೆ ಅವು ಇಡೀ ನಾಟಕವಲ್ಲ. ಚಿಕಿತ್ಸೆ ಮಾತ್ರೆಗೆ ಬದಲಿಯಲ್ಲ, ಜೊತೆಗಾರ ಎಂದು ಅಳತೆ ಮೀರದ ಮಾತಿನಲ್ಲಿ ಬರೆದರು. ಆ ಲೇಖನವನ್ನು ಈವರೆಗೆ ಯಾರೂ ಅಲುಗಿಸಿಲ್ಲ.

ಮರುವರ್ಷ ಮುಖ್ಯಸ್ಥರ ಹುದ್ದೆ ತೆರವಾಯಿತು. ಅದು ಮೇಡಂಗೆ ಬರಬೇಕಾದದ್ದು. ಆಯ್ಕೆ ಸಮಿತಿ ಹಳೆಯ ಪತ್ರವನ್ನು ಮುಂದಿಟ್ಟುಕೊಂಡು ‘ಲೋಪ ನನ್ನದು’ ಎಂಬ ವಾಕ್ಯದ ಕೆಳಗೆ ಗೆರೆ ಎಳೆದು, ಹುದ್ದೆಯನ್ನು ಅಳೆದವನಿಗೆ ಕೊಟ್ಟಿತು. ಅವನು ತೆಗೆದುಕೊಂಡ. ಆರು ವರ್ಷಗಳಿಂದ ಮೇಡಂ ಅವರ ರಜೆಯ ಅರ್ಜಿಗೆ ಸಹಿ ಹಾಕುತ್ತಿರುವವನು ಅವನೇ. ನಾಚಿಕೆಯಾಗಲಿಲ್ಲವೇ ಎಂದು ಕೇಳುವವರಿಗೆ ಉತ್ತರ: ಆಯಿತು, ಪ್ರತಿ ಸಲವೂ ಆಯಿತು, ಸಹಿಯೂ ಪ್ರತಿ ಸಲ ಬಿತ್ತು.

ಗ್ರಂಥದ ಜೀವನ ವಿವರ ಒಪ್ಪಿಗೆಗಾಗಿ ಅವನ ಮೇಜಿಗೆ ಬಂದದ್ದು ಎರಡು ತಿಂಗಳ ಹಿಂದೆ. ಆ ವಾಕ್ಯದ ಬಳಿ ಪೆನ್ನು ನಿಂತಿತು. ಕಾಗದ ಹಿಡಿದುಕೊಂಡು ಮೇಡಂ ಕೋಣೆಗೆ ಹೋಗಿ, ಇದನ್ನು ತಿದ್ದುತ್ತೇನೆಂದ.

‘ಬಿಡು, ಮುಗಿದ ಕಥೆ’ ಎಂದರು ಮೇಡಂ, ಪುಸ್ತಕಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತ.

‘ನನಗೆ ಮುಗಿದಿಲ್ಲ ಮೇಡಂ.’

ಅವರು ಕೈ ತಡೆದು ಅವನನ್ನು ನೋಡಿದರು. ‘ಬರೆಯೋದಾದ್ರೆ ಮೊದಲು ಆ ಮನೆಗೆ ಹೋಗಿ ಹೇಳಿ ಬಾ. ಅವರಿಗೆ ಗೊತ್ತಾಗೋದು ಪುಸ್ತಕ ಓದಿ ಆಗಬಾರದು.’

ಲಿಫ್ಟ್ ಮೆಕ್ಯಾನಿಕ್ಕಿನ ಮನೆಗೆ ಹತ್ತೊಂಬತ್ತು ವರ್ಷಗಳಲ್ಲಿ ಅಳೆದವನು ಒಮ್ಮೆಯೂ ಹೋದವನಲ್ಲ. ಮೇಡಂ ಪ್ರತಿ ತಿಂಗಳ ಮೊದಲ ಭಾನುವಾರ ಹೋಗುತ್ತಾರೆಂಬುದು ವಿಭಾಗದಲ್ಲಿ ಎಲ್ಲರಿಗೂ ಗೊತ್ತಿತ್ತು. ಬಿಪಿ ಅಳೆದು, ಮಾತ್ರೆ ನೋಡಿ, ಕೈಗೆ ವ್ಯಾಯಾಮ ಮಾಡಿಸಿ ಬರುತ್ತಾರೆಂದೂ ಗೊತ್ತಿತ್ತು. ಅಲ್ಲಿ ಅವರಿಗೆ ಏನು ಸಿಗುತ್ತಿತ್ತೆಂಬುದು ಗೊತ್ತಿರಲಿಲ್ಲ.

ಮೊದಲ ಮಹಡಿಯ ಎರಡು ಕೋಣೆಯ ಮನೆ. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಮೆಕ್ಯಾನಿಕ್, ಬಲಗೈ ದಿಂಬಿನ ಮೇಲೆ. ಹೆಂಡತಿ ಹೊಲಿಗೆ ಯಂತ್ರದ ಮುಂದೆ. ಅಳೆದವನು ನಿಂತುಕೊಂಡೇ, ಒಂದನ್ನೂ ಬಿಡದೆ ಹೇಳಿದ: ಸೊನ್ನೆಗಳನ್ನು ಬರೆದವನು ತಾನು, ಮೂರನೆಯದನ್ನು ಅಳೆಯದೆ ತುಂಬಿದವನು ತಾನು, ಮಾತ್ರೆ ಇಳಿಸಿದವನು ತಾನು, ಡಾಕ್ಟ್ರಮ್ಮನವರದೇನೂ ಇಲ್ಲ. ಯಂತ್ರ ನಿಂತಿತು. ಆಕೆ ಸೂಜಿಯ ಕೆಳಗಿನ ಬಟ್ಟೆಯನ್ನು ನಿಧಾನವಾಗಿ ಹೊರತೆಗೆದು ಮಡಿಚಿಟ್ಟರು. ಗಂಡ ಹೆಂಡತಿಯನ್ನೂ ಅಳೆದವನನ್ನೂ ನೋಡಿ, ಎಡಗೈಯಿಂದ ಕುರ್ಚಿಯ ಹಿಡಿಯನ್ನು ಒಮ್ಮೆ ಗುದ್ದಿದರು, ಮತ್ತೆ ಕಿಟಕಿಯ ಕಡೆ ತಿರುಗಿಕೊಂಡರು.

‘ಮೊದಲ್ನೇ ತಿಂಗಳು ಬಂದಾಗ್ಲೇ ಅವರು ಹೇಳಿದ್ರು, ತಪ್ಪು ತಮ್ಮದು ಅಂತ’ ಎಂದರು ಆಕೆ. ‘ಎರಡು ವರ್ಷ ಅವರನ್ನ ಒಳಗೆ ಬಿಟ್ಟಿಲ್ಲ. ಬಾಗಿಲಲ್ಲೇ ನಿಲ್ಲಿಸಿದೀನಿ. ಅಕ್ಕಪಕ್ಕದವರೆಲ್ಲ ಕೇಳೋ ಹಾಗೆ, ಅಂಕಿ ಬರ್ದು ನನ್ನ ಗಂಡನ ಕೈ ತಿಂದವಳು ಅಂತ ಬೈದಿದೀನಿ. ತಲೆ ತಗ್ಗಿಸಿಕೊಂಡು ಕೇಳಿಸ್ಕೊಂಡು, ಹೊರಗಡೆನೇ ಇವರನ್ನ ಕೂರಿಸಿ ಬಿಪಿ ನೋಡಿ ಹೋಗ್ತಿದ್ರು. ಮುಂದಿನ ತಿಂಗಳು ಮತ್ತೆ ಬರ್ತಿದ್ರು.’ ಮಡಿಚಿಟ್ಟ ಬಟ್ಟೆಯನ್ನು ಆಕೆ ಮತ್ತೆ ಬಿಡಿಸಿದರು. ‘ಅಷ್ಟೂ ನಿಮ್ಮ ಪಾಲಿನದಲ್ಲವೇನಪ್ಪಾ? ಅದನ್ನ ನಾನೀಗ ಹ್ಯಾಗೆ ವಾಪಸ್ ತಗೊಳ್ಳಲಿ?’

ಅಳೆದವನು ಎಲ್ಲವನ್ನೂ ಪುಸ್ತಕದಲ್ಲಿ ಬರೆಯುತ್ತೇನೆಂದ.

‘ಬರೀರಿ. ನಾನು ಬೈದಿದ್ದೂ ಬರೀರಿ, ಅವರು ಸುಮ್ಮನಿದ್ದದ್ದೂ ಬರೀರಿ. ಆದ್ರೆ ನಾನು ಬೈದಿದ್ದು ಎದುರಿಗೆ, ತಪ್ಪಾಯ್ತು ಅನ್ನೋದೂ ಎದುರಿಗೇ ಅನ್ಬೇಕು. ನೀವೂ ಅಷ್ಟೇ ಡಾಕ್ಟ್ರೇ. ನಿಮ್ಮ ಬಾಯಲ್ಲಿ ಒಂದ್ಸಲನಾದ್ರೂ ಅವರಿಗೆ ಹೇಳಿದೀರಾ?’

ಹೇಳಿರಲಿಲ್ಲ. ಎರಡು ತಿಂಗಳ ಹಿಂದೆ ಅವರ ಕೋಣೆಗೆ ಹೋದಾಗಲೂ, ವಾಕ್ಯ ತಿದ್ದುತ್ತೇನೆ ಎಂದನೇ ಹೊರತು, ಮಾಡಿದ್ದು ನಾನು ಎಂಬ ಮಾತು ಅವನ ಬಾಯಿಂದ ಬಂದಿರಲಿಲ್ಲ.

ಹಳೆಯ ಲೇಖನ ಹಿಂತೆಗೆದುಕೊಂಡ ಪತ್ರಿಕೆಗೆ ಅಳೆದವನ ಹೆಸರು, ಹುದ್ದೆ, ಸಹಿಯಿರುವ ತಪ್ಪೊಪ್ಪಿಗೆ ಹೋಗಿದೆ. ಅದರ ನಕಲು ಆಸ್ಪತ್ರೆಯ ನಿರ್ದೇಶಕರ ಬಳಿಯಿದೆ. ಅವರ ತೀರ್ಮಾನ ಏನೇ ಬಂದರೂ ಅದಕ್ಕೆ ಅವನ ತಕರಾರಿಲ್ಲ. ಗ್ರಂಥದ ಜೀವನ ವಿವರದಲ್ಲಿ ಆ ವಾಕ್ಯ ಈಗಿಲ್ಲ. ಎರಡನೆಯ ಅಧ್ಯಯನದ ಎಂಬತ್ತು ಮಂದಿಯ, ಲಕೋಟೆ ತೆರೆದ ಹತ್ತನೆಯ ವರ್ಷದ ಅಳತೆ ಇನ್ನು ಮೂರು ವರ್ಷಕ್ಕೆ ಬರುತ್ತದೆ. ಸುಟ್ಟ ನರಗಳು ಮತ್ತೆ ಚಿಗುರುತ್ತವೆಯೇ, ಇಳಿದ ಆರಂಕಿ ಉಳಿಯುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಆಗ ಸಿಗಬೇಕು. ಅದನ್ನು ಹೇಳುವುದಕ್ಕೆ ಮೇಡಂ ಬೇಕು. ಆಮೇಲಿನ ಪ್ರಶ್ನೆಗಳಿಗೂ ಬೇಕು. ಅವರ ಆಯುಸ್ಸು ದೀರ್ಘವಾಗಿರಲಿ, ಕಿವಿ ಚುರುಕಾಗಿರಲಿ, ಅವರ ಒತ್ತಡ ನೂರ ಇಪ್ಪತ್ತರ ಆಚೆ ಏರದಿರಲಿ ಎಂದು ವಿಭಾಗದ ಪ್ರತಿಯೊಬ್ಬರೂ ಹಾರೈಸುತ್ತಾರೆ.

ಬೀಳ್ಕೊಡುಗೆಯ ಸಮಾರಂಭಕ್ಕೆ ಮೆಕ್ಯಾನಿಕ್ ದಂಪತಿಗಳು ಬರುತ್ತಿದ್ದಾರೆ. ಮೇಡಂ ಪಕ್ಕದ ಎರಡು ಕುರ್ಚಿ ಅವರದು. ಗ್ರಂಥ ಬಿಡುಗಡೆ ಮಾಡಬೇಕಾದವನು ವಿಭಾಗದ ಮುಖ್ಯಸ್ಥನೆಂದು ಆಹ್ವಾನ ಪತ್ರಿಕೆಯಲ್ಲಿ ಅಚ್ಚಾಗಿದೆ. ಅವನು ಪುಸ್ತಕದ ಕಟ್ಟು ಬಿಚ್ಚುವುದಿಲ್ಲ. ವೇದಿಕೆಯಿಂದ ಇಳಿದು ಮೊದಲ ಸಾಲಿನ ಮುಂದೆ ನಿಂತು, ಎಲ್ಲರೂ ಕೇಳುವಷ್ಟು ಗಟ್ಟಿಯಾಗಿ, ‘ಮೇಡಂ, ಮೂರನೆಯದನ್ನು ಯಾರೂ ಅಳೆಯಲಿಲ್ಲ. ಅಳೆಯದೆ ಬರೆದವನು ನಾನು’ ಎನ್ನುತ್ತಾನೆ. ಅದು ಆದ ಮೇಲೆ, ಒಪ್ಪುವುದಾದರೆ, ಕಟ್ಟನ್ನು ಆ ಹೊಲಿಗೆಯ ತಾಯಿಯೇ ಬಿಚ್ಚಲಿ.